ಮೈದಾನವನ್ನು ತೋರಿಸಿ: ವರ್ಲ್ಡ್ ಸೀರೀಸ್ ಪ್ರಸಾರ ಮಾಡುವವರಿಗೆ ಬಹಿರಂಗ ಪತ್ರ

ಮೇಜರ್ ಲೀಗ್ ಬೇಸ್‌ಬಾಲ್ ಆಯುಕ್ತರಾದ ರಾಬ್ ಮ್ಯಾನ್‌ಫ್ರೆಡ್ ಅವರಿಗೆ ಹಾಗೂ ವರ್ಲ್ಡ್ ಸೀರೀಸ್ ಪ್ರಸಾರದ ನಿರ್ಮಾಪಕ, ನಿರ್ದೇಶಕರಿಗೆ,

ಮಾನ್ಯರೇ,

2025ರ ವರ್ಲ್ಡ್ ಸೀರೀಸ್‌ನ, ಅಂದರೆ ಮೇಜರ್ ಲೀಗ್‌ನ ಚಾಂಪಿಯನ್ನರನ್ನು ತೀರ್ಮಾನಿಸುವ ಸರಣಿಯ, ಏಳನೇ ಹಾಗೂ ಕೊನೆಯ ಪಂದ್ಯ, ಟೊರಾಂಟೊ. ಒಂಬತ್ತನೇ ಇನಿಂಗ್ಸ್‌ನ ಎರಡನೇ ಅರ್ಧ, ಸ್ಕೋರ್ 4-4, ಒಂದು ಔಟ್, ಮೂರೂ ಬೇಸ್‌ಗಳಲ್ಲಿ ಆತಿಥೇಯ ಬ್ಲೂ ಜೇಸ್ ತಂಡದ ರನ್ನರ್‌ಗಳು. ಒಂದೇ ಒಂದು ರನ್ ಬಂದರೆ ಅವರು ಚಾಂಪಿಯನ್ನರು. ಡಾಲ್ಟನ್ ವಾರ್ಶೊ ನೆಲಕ್ಕೆ ಹೊಡೆದ ಚೆಂಡನ್ನು ಎದುರಾಳಿ ಡಾಡ್ಜರ್ಸ್‌ನ ಮಿಗೆಲ್ ರೋಹಾಸ್ ಹಿಡಿದರು, ಆಯ ತಪ್ಪಿದರೂ ಸಾವರಿಸಿಕೊಂಡು, ರನ್ನರ್ ಮುಟ್ಟಿದರೆ ರನ್ ಆಗುವ ಹೋಮ್ ಪ್ಲೇಟ್‌ಗೆ ಎಸೆದರು. ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ವಿಲ್ ಸ್ಮಿತ್ ಅವರ ಪಾದ ಪ್ಲೇಟ್‌ನಿಂದ ಮೇಲೆದ್ದು ಮತ್ತೆ ಇಳಿಯಿತು. ಥರ್ಡ್ ಬೇಸ್‌ನಿಂದ ಓಡಿಬಂದ ಐಸೈಯಾ ಕೈನರ್-ಫಲೇಫಾ ಕೂದಲೆಳೆಯ ಅಂತರದಲ್ಲಿ ಔಟ್. ಡಾಡ್ಜರ್ಸ್ ಉಳಿದುಕೊಂಡರು, ಹನ್ನೊಂದನೇ ಇನಿಂಗ್ಸ್‌ನಲ್ಲಿ 5-4ರಿಂದ ಗೆದ್ದರು.

ಆ ರನ್ನರ್ ಬೇಸ್ ಬಿಟ್ಟು ಯಾಕೆ ಅಷ್ಟು ಕಡಿಮೆ ಮುಂದೆ ನಿಂತಿದ್ದರು? ಮರುದಿನ ಎಲ್ಲರೂ ಕೇಳಿದ್ದು ಇದನ್ನೇ. ನೆಲಕ್ಕೆ ಬೀಳದೆ ನೇರ ಹಾರುವ ಚೆಂಡು (ಲೈನ್ ಡ್ರೈವ್) ಕ್ಯಾಚ್ ಆದರೆ ಹಿಂದಿರುಗಲಾಗದೆ ಸಿಕ್ಕಿಬಿದ್ದೀಯ, ಬೇಸ್‌ಗೆ ಹತ್ತಿರ ಇರು ಎಂದು ತಂಡವೇ ಹೇಳಿತ್ತೆಂದು ಅವರು ಪಂದ್ಯದ ನಂತರ ವಿವರಿಸಿದರು. ಆ ಭಯದ ಹಿಂದೆ ಹಿಂದಿನ ರಾತ್ರಿಯ ನೆನಪೂ ಇದ್ದಿರಬಹುದು. ಆರನೇ ಪಂದ್ಯ ಮುಗಿದದ್ದೇ ಹಾಗೆ: ಆಂಡ್ರೆಸ್ ಹಿಮೆನೆಸ್ ಮೆಲ್ಲಗೆ ಎತ್ತಿದ ಚೆಂಡನ್ನು ಲೆಫ್ಟ್ ಫೀಲ್ಡ್‌ನಲ್ಲಿ ಎನ್ರಿಕೆ ಹೆರ್ನಾಂಡೆಸ್ ಮುಂದೋಡಿ ಹಿಡಿದು ಸೆಕೆಂಡ್ ಬೇಸ್‌ಗೆ ಎಸೆದರು, ತುಂಬ ಮುಂದೆ ಬಂದಿದ್ದ ಆಡಿಸನ್ ಬಾರ್ಜರ್ ಹಿಂದಿರುಗಲಾಗದೆ ಔಟ್ ಆದರು. ಹೆರ್ನಾಂಡೆಸ್ ಮೊದಲೇ ಮುಂದೆ ಬಂದು ನಿಂತಿದ್ದರಿಂದ ಅದು ಸಾಧ್ಯವಾಯಿತು. ಒಂದು ರಾತ್ರಿ ಫೀಲ್ಡರ್ ನಿಂತ ಜಾಗ, ಮರುರಾತ್ರಿ ರನ್ನರ್ ನಿಂತ ಜಾಗ. ಚಾಂಪಿಯನ್‌ಷಿಪ್ ತೀರ್ಮಾನವಾದದ್ದು ಈ ಎರಡರ ನಡುವೆ. ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಅದನ್ನು ಕೈಬಿಡುವ ಮೊದಲೇ ಈ ಎರಡೂ ಜಾಗಗಳು ಮೈದಾನದಲ್ಲಿ ಕಣ್ಣಿಗೆ ಬೀಳುವಂತಿದ್ದವು. ಆದರೆ ಬೇಸ್‌ಬಾಲ್ ಪ್ರಸಾರ ನಮ್ಮನ್ನು ಕೂರಿಸುವ ಸೆಂಟರ್ ಫೀಲ್ಡ್ ಕ್ಯಾಮೆರಾದ ಚೌಕಟ್ಟಿನಲ್ಲಿ ಥರ್ಡ್ ಬೇಸೂ ಇರುವುದಿಲ್ಲ, ಲೆಫ್ಟ್ ಫೀಲ್ಡೂ ಇರುವುದಿಲ್ಲ.

ನಮ್ಮ ದೂರು ಇದು. ಉಳಿದ ದೂರುಗಳು ಇದಕ್ಕೆ ಹೊಂದಿಕೊಂಡವು.

ನಾವು ಬೇಸ್‌ಬಾಲ್ ನೋಡುವ ಕನ್ನಡಿಗರು. ನಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರಾದ್ದರಿಂದ ಆಟ ನೋಡುವುದೆಂದರೆ ಫೀಲ್ಡ್ ನೋಡುವುದು ಎಂಬ ಅಭ್ಯಾಸ ಬಿದ್ದಿದೆ. ಸ್ಲಿಪ್ ಎಷ್ಟು, ಡೀಪ್ ಮಿಡ್‌ವಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ಕ್ರಿಕೆಟ್ ಪ್ರಸಾರ ನಕ್ಷೆ ಹಾಕಿ ತೋರಿಸುತ್ತದೆ. ಫೀಲ್ಡ್ ನೋಡಿದರೆ ಬೌಲರ್ ಏನು ಎಸೆಯಲು ಹೊರಟಿದ್ದಾನೆಂದು ಅರ್ಧ ಗೊತ್ತಾಗುತ್ತದೆ. ಬೇಸ್‌ಬಾಲ್‌ನಲ್ಲೂ ಹಾಗೆಯೇ, ಇನ್ನೂ ಹೆಚ್ಚಾಗಿಯೇ. ಆದರೂ ಆ ನೋಟ ನಮಗೆ ಸಿಗುವುದು ಬ್ಯಾಟಿಗೆ ಚೆಂಡು ತಗುಲಿದ ಮೇಲೆ, ಅಂದರೆ ಎಲ್ಲರೂ ನಿಂತ ಜಾಗ ಬಿಟ್ಟು ಓಡತೊಡಗಿದ ಮೇಲೆ.

ಹೊಸ ಉಪಕರಣ ಯಾವುದೂ ಬೇಡ. ಹೋಮ್ ಪ್ಲೇಟ್‌ನ ಹಿಂದೆ, ಮೇಲಂತಸ್ತಿನಲ್ಲಿ ಒಂದು ಕ್ಯಾಮೆರಾ ಪ್ರತಿ ಪಂದ್ಯದಲ್ಲೂ ಇರುತ್ತದೆ. ಚೆಂಡು ಹೊಡೆದ ಕೂಡಲೇ ನಿರ್ದೇಶಕರು ಬದಲಾಯಿಸಿಕೊಳ್ಳುವುದು ಅದಕ್ಕೇ. ಒಂಬತ್ತೂ ಫೀಲ್ಡರ್‌ಗಳು, ಮೂರೂ ಬೇಸ್‌ಗಳು ಅದರಲ್ಲಿ ಕಾಣುತ್ತವೆ. ನಾವು ಕೇಳುತ್ತಿರುವುದು ಅದೇ ನೋಟವನ್ನು ನಾಲ್ಕು ಸೆಕೆಂಡ್ ಮೊದಲು.

ಸಮಯವೆಲ್ಲಿದೆ ಎಂದು ನಿಮ್ಮ ನಿರ್ದೇಶಕರು ಕೇಳಬಹುದು. ಲೆಕ್ಕ ಹಾಕೋಣ. 2023ರಲ್ಲಿ ಪಿಚ್ ಗಡಿಯಾರ ಬಂತು, ಅಂದರೆ ಪಿಚರ್ ಇಷ್ಟು ಸೆಕೆಂಡ್‌ನೊಳಗೆ ಎಸೆಯಲು ಶುರುಮಾಡಬೇಕೆಂಬ ಗಡುವು. ಬೇಸ್ ಖಾಲಿಯಿದ್ದರೆ 15 ಸೆಕೆಂಡ್. ರನ್ನರ್ ಇದ್ದರೆ ಮೊದಲ ವರ್ಷ 20, 2024ರಿಂದ 18. ಗಡಿಯಾರ 8 ತೋರಿಸುವಷ್ಟರಲ್ಲಿ ಬ್ಯಾಟರ್ ಪೆಟ್ಟಿಗೆಯೊಳಗೆ ನಿಂತು ಪಿಚರ್ ಕಡೆ ಗಮನ ಕೊಟ್ಟಿರಬೇಕು, ಇಲ್ಲದಿದ್ದರೆ ಅವರ ಲೆಕ್ಕಕ್ಕೆ ಒಂದು ಸ್ಟ್ರೈಕ್ (ಮೂರಾದರೆ ಔಟ್). ಅಂದರೆ ರನ್ನರ್ ಇದ್ದಾಗ 18ರಿಂದ 8ರವರೆಗಿನ ಹತ್ತು ಸೆಕೆಂಡ್ ಪೂರ್ತಿ ನಿಮ್ಮ ಕೈಯಲ್ಲಿದೆ. ಆ ಹೊತ್ತಿನಲ್ಲಿ ಪಿಚರ್ ಚೆಂಡು ಎಸೆಯುವುದು ಅಪರೂಪ. ಈಗ ಆ ಹತ್ತು ಸೆಕೆಂಡ್‌ನಲ್ಲಿ ಬರುವುದು ಪಿಚರ್ ಮುಖ, ಬ್ಯಾಟರ್ ಮುಖ, ಡಗ್‌ಔಟ್‌ನಲ್ಲಿ ಮ್ಯಾನೇಜರ್ ಮುಖ, ಗ್ಯಾಲರಿಯಲ್ಲಿ ಕೈಮುಗಿದು ಕೂತ ಅಭಿಮಾನಿಯ ಮುಖ. ನಡುವೆ ಒಂದು ರಿಪ್ಲೇ; ಅದರ ಹಿಂದೆ ಮುಂದೆ ಲಾಂಛನ ತಿರುಗುವ ಒಂದೊಂದು ಸೆಕೆಂಡ್.

ಬದಲಿಗೆ ಹೀಗೆ ಮಾಡಿ. ಹಿಂದಿನ ಎಸೆತ ಮುಗಿದ ಮೇಲೆ ಮೂರ್ನಾಲ್ಕು ಸೆಕೆಂಡ್ ಮುಖ ತೋರಿಸಿ, ತಪ್ಪಿಲ್ಲ. ಗಡಿಯಾರ 13ಕ್ಕೆ ಬಂದಾಗ ಮೇಲಿನ ಕ್ಯಾಮೆರಾಗೆ ಬನ್ನಿ, 9ರವರೆಗೆ ಅಲ್ಲೇ ಇರಿ, 8ಕ್ಕೆ ಸೆಂಟರ್ ಫೀಲ್ಡ್‌ಗೆ ಮರಳಿ. ಹೊಸ ಬ್ಯಾಟರ್ ಬರುವಾಗ ಗಡಿಯಾರ 30 ಸೆಕೆಂಡ್ ಕೊಡುತ್ತದೆ. ಆಗ ಆರು ಸೆಕೆಂಡ್ ಮೈದಾನ ತೋರಿಸಿ, ಬ್ಯಾಟರ್‌ನ ಅಂಕಿಅಂಶಗಳನ್ನು ಆ ದೃಶ್ಯದ ಕೆಳಗೇ ಹಾಕಿ. ಬೇಸ್ ಖಾಲಿಯಿದ್ದು 15 ಸೆಕೆಂಡ್ ಮಾತ್ರ ಇರುವಾಗ ಪ್ರತಿ ಎಸೆತಕ್ಕೂ ಬೇಡ, ಎರಡು ಸ್ಟ್ರೈಕ್ ಆದಾಗ ಫೀಲ್ಡ್ ಬದಲಾದರೆ ತೋರಿಸಿ, ಸಾಕು. ಥರ್ಡ್ ಬೇಸ್‌ನಲ್ಲಿ ರನ್ನರ್ ಇದ್ದು ಎರಡಕ್ಕಿಂತ ಕಡಿಮೆ ಔಟ್ ಆಗಿದ್ದರೆ ಮಾತ್ರ ಯಾವ ವಿನಾಯಿತಿಯೂ ಇರಬಾರದು: ಇನ್‌ಫೀಲ್ಡರ್‌ಗಳು ಮುಂದೆ ಬಂದಿದ್ದಾರೋ, ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಲು) ಹಿಂದೆ ನಿಂತಿದ್ದಾರೋ ಎಂಬುದೇ ಆಗ ಇಡೀ ಆಟ. ರೋಹಾಸ್ ಆ ಚೆಂಡನ್ನು ಹೋಮ್‌ಗೆ ಎಸೆದದ್ದು ಆ ಲೆಕ್ಕದಿಂದಲೇ.

ಲೀಡ್, ಅಂದರೆ ರನ್ನರ್ ಬೇಸ್ ಬಿಟ್ಟು ಮುಂದೆ ನಿಲ್ಲುವ ದೂರ, ಅದರ ವಿಷಯದಲ್ಲೂ ಅಂಕಿ ದೊಡ್ಡದೇನಲ್ಲ. ಲೀಗಿನ ಸರಾಸರಿ ಓಟ ಸೆಕೆಂಡಿಗೆ 27 ಅಡಿ. ಒಂದಡಿ ಹೆಚ್ಚು ಲೀಡ್ ಎಂದರೆ ಸೆಕೆಂಡಿನ ಇಪ್ಪತ್ತೇಳನೇ ಒಂದು ಭಾಗ. ಸೆಕೆಂಡಿಗೆ 60 ಫ್ರೇಮ್ ಇರುವ ಪ್ರಸಾರದಲ್ಲಿ ಎರಡು ಫ್ರೇಮ್‌ಗಿಂತ ತುಸು ಹೆಚ್ಚು. ಸ್ಮಿತ್ ಪಾದ ಪ್ಲೇಟ್‌ಗೆ ಮರಳಿದ್ದೂ ಅಂಥದೇ ಅಂತರದಲ್ಲಿ. 2020ರಿಂದ ಎಲ್ಲ ಮೈದಾನಗಳಲ್ಲೂ ಹಾಕ್‌ಐ ಕ್ಯಾಮೆರಾಗಳಿವೆ, ಪ್ರತಿ ಆಟಗಾರ ಎಲ್ಲಿ ನಿಂತಿದ್ದಾರೆಂದು ಅವು ಅಳೆಯುತ್ತಲೇ ಇರುತ್ತವೆ. ಆ ಅಳತೆ ಮರುದಿನದ ವಿಶ್ಲೇಷಣೆಗೆ ಬರುತ್ತದೆ. ಎಸೆತಕ್ಕೆ ಮುಂಚೆ, ಪರದೆಯ ಮೂಲೆಯಲ್ಲಿ, ರನ್ನರ್ ಹೆಸರಿನ ಪಕ್ಕ ಅಡಿಗಳಲ್ಲಿ ಬಂದರೆ ನೋಡುಗರಿಗೆ ತಾವೇ ಯೋಚಿಸುವ ಅವಕಾಶ ಸಿಗುತ್ತದೆ.

ಇನ್ನೊಂದು ಸಣ್ಣ ಸಂಖ್ಯೆಗೂ ಅಲ್ಲೇ ಜಾಗ ಕೊಡಿ. ಒಬ್ಬ ಬ್ಯಾಟರ್ ಎದುರು ಪಿಚರ್ ಎರಡು ಸಲ ಮಾತ್ರ ಸುಮ್ಮನೆ ಬೇಸ್ ಕಡೆ ಎಸೆಯಬಹುದು ಅಥವಾ ತಾನು ನಿಂತ ದಿಬ್ಬ (ಮೌಂಡ್) ಬಿಟ್ಟಿಳಿಯಬಹುದು. ಮೂರನೇ ಸಲ ಎಸೆದು ರನ್ನರ್‌ನನ್ನು ಔಟ್ ಮಾಡದಿದ್ದರೆ ಬಾಕ್, ರನ್ನರ್‌ಗೆ ಪುಕ್ಕಟೆ ಒಂದು ಬೇಸ್. ಎರಡೂ ಮುಗಿದಿವೆ ಎಂದು ಗೊತ್ತಾದ ಕ್ಷಣ ಫಸ್ಟ್ ಬೇಸ್‌ನ ರನ್ನರ್ ಇನ್ನೆರಡು ಹೆಜ್ಜೆ ಮುಂದೆ ಸರಿಯುತ್ತಾರೆ. ಮೈದಾನದಲ್ಲಿ ಕೂತವರಿಗೆ ಅದು ಕಾಣುತ್ತದೆ, ಸದ್ದು ಏರುತ್ತದೆ. ಮನೆಯಲ್ಲಿ ಕೂತವರಿಗೆ ಸದ್ದು ಕೇಳುತ್ತದೆ, ಕಾರಣ ತಿಳಿಯುವುದಿಲ್ಲ.

2023ರ ನಿಯಮದಂತೆ ಸೆಕೆಂಡ್ ಬೇಸ್‌ನ ಎರಡೂ ಬದಿ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ಇರಲೇಬೇಕು. ಹಾಗಾಗಿ ಫೀಲ್ಡರ್‌ಗಳನ್ನು ನಿಲ್ಲಿಸುವ ಜಾಣ್ಮೆಗೆ ಈಗ ಹೆಚ್ಚು ಅವಕಾಶ ಉಳಿದಿರುವುದು ಔಟ್‌ಫೀಲ್ಡ್‌ನಲ್ಲಿ. ಪ್ರಸಾರ ಕಡೆಗಣಿಸಿರುವುದೂ ಅದನ್ನೇ. ಚೆಂಡು ಮೇಲೆ ಹಾರಿದಾಗ ಮೇಲಿನ ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸಿ ಹತ್ತಿರ ಹತ್ತಿರ ಹೋಗುತ್ತದೆ. ಇಬ್ಬರು ಫೀಲ್ಡರ್‌ಗಳು ಒಂದೇ ಕಡೆ ಓಡಿಬರುತ್ತಿರುವುದು ಡಿಕ್ಕಿಯಾದ ಮೇಲೆಯೇ ತಿಳಿಯುತ್ತದೆ. ಏಳನೇ ಪಂದ್ಯದ ಅದೇ ಇನಿಂಗ್ಸ್‌ನ ಕೊನೆಯ ಔಟ್‌ನಲ್ಲಿ ಆಂಡಿ ಪಹೇಸ್ ಅವರು ಹೆರ್ನಾಂಡೆಸ್‌ಗೆ ಡಿಕ್ಕಿ ಹೊಡೆದು ಚೆಂಡು ಹಿಡಿದರಲ್ಲ, ಪಹೇಸ್ ಎಲ್ಲಿಂದ ಹೊರಟು ಎಷ್ಟು ದೂರ ಓಡಿದರು ಎಂಬುದರಲ್ಲಿದೆ ಆ ಕ್ಯಾಚಿನ ಬೆಲೆ. ಚೆಂಡು ಹಿಡಿದು ಮರಳಿ ಎಸೆಯುವವರೆಗೂ ದೃಶ್ಯವನ್ನು ಅಗಲವಾಗಿಯೇ ಇಡಿ. ರನ್ನರ್ ಥರ್ಡ್ ಬೇಸ್‌ನಲ್ಲಿ ಕಾಲೂರಿ ಕಾಯುತ್ತಿದ್ದರೆ ಮೂಲೆಯಲ್ಲೊಂದು ಸಣ್ಣ ಕಿಟಕಿ ತೆರೆಯಿರಿ. ಜಾಹೀರಾತಿಗೆ ಅಂಥ ಕಿಟಕಿ ತೆರೆಯುವುದು ನಿಮಗೆ ಗೊತ್ತೇ ಇದೆ.

ಮುಖಗಳ ಮೇಲೆ ನಮಗೆ ದ್ವೇಷವಿಲ್ಲ. 1975ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಕಾರ್ಲ್‌ಟನ್ ಫಿಸ್ಕ್ ಚೆಂಡನ್ನು ಫೌಲ್ ಗೆರೆಯೊಳಗೆ ಇರು ಎಂದು ಕೈಬೀಸಿ ಬೇಡಿಕೊಂಡ ದೃಶ್ಯ, ಬಾಸ್ಟನ್ನಿನ ಲೆಫ್ಟ್ ಫೀಲ್ಡ್ ಗೋಡೆಯೊಳಗಿದ್ದ ಕ್ಯಾಮೆರಾ ಚೆಂಡನ್ನು ಬಿಟ್ಟು ಅವರ ಮೇಲೇ ನಿಂತದ್ದರಿಂದ ಸಿಕ್ಕಿತು. ಅದರ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಚೆಂಡು ಹೊಡೆದಾದ ಮೇಲಿನ ಮುಖ, ಹೊಡೆತಕ್ಕೆ ಬಂದ ಉತ್ತರ. ಈಗ ಏನೂ ಆಗುವ ಮುಂಚೆಯೇ ಎರಡು ಎಸೆತಗಳ ನಡುವೆ ನಾಲ್ಕು ಮುಖ ಬರುತ್ತವೆ. ಅವರೆಲ್ಲ ಏನನ್ನು ಕಂಡು ಹೆದರಿದ್ದಾರೆಂದು ತೋರಿಸದೆ ಹೆದರಿಕೆಯನ್ನಷ್ಟೇ ತೋರಿಸಿದರೆ ನಮಗೇನು ಸಿಕ್ಕಂತಾಯಿತು?

ಇನ್ನು ಆ ಚೌಕ. ಹೋಮ್ ಪ್ಲೇಟ್ ಮೇಲೆ ನೀವು ಗೆರೆ ಎಳೆದು ತೋರಿಸುವ ಸ್ಟ್ರೈಕ್ ಜೋನ್, ಅಂದರೆ ಬ್ಯಾಟರ್ ಬ್ಯಾಟ್ ಬೀಸದಿದ್ದರೂ ಎಸೆತ ಸ್ಟ್ರೈಕ್ ಎನಿಸುವ ಜಾಗ. ಮನೆ ಮನೆಗಳಲ್ಲಿ ಅಂಪೈರ್‌ಗೆ ಬೈಗುಳ ಬೀಳುವುದು ಇದರಿಂದ. ಎಷ್ಟೋ ಸಲ ತಪ್ಪು ಅಂಪೈರ್‌ದಲ್ಲ. ನಿಯಮದ ಪ್ರಕಾರ ಜೋನ್ ಒಂದು ಘನಾಕೃತಿ. ಪ್ಲೇಟ್ 17 ಇಂಚು ಅಗಲ, ಮುಂದಿನ ಅಂಚಿನಿಂದ ಹಿಂದಿನ ಮೊನೆಯವರೆಗೂ ಅಷ್ಟೇ ಉದ್ದ. ಚೆಂಡಿನ ಯಾವುದೇ ಭಾಗ ಆ ಘನದ ಯಾವುದೇ ಭಾಗಕ್ಕೆ ತಾಕಿದರೂ ಸ್ಟ್ರೈಕ್. ಚೆಂಡಿನ ವ್ಯಾಸ ಸುಮಾರು 2.9 ಇಂಚು, ಅಂದರೆ ಅದರ ನಡುಬಿಂದು ಪ್ಲೇಟ್‌ನ ಅಂಚಿನಿಂದ ಸುಮಾರು ಒಂದೂವರೆ ಇಂಚು ಹೊರಗಿದ್ದರೂ ಸ್ಟ್ರೈಕ್ ಆಗಬಹುದು. ಪರದೆಯಲ್ಲಿ ಚೆಂಡನ್ನು ಪುಟ್ಟ ಚುಕ್ಕೆಯಾಗಿ ತೋರಿಸಿದರೆ ಅದು ಚೌಕದ ಹೊರಗೇ ಕಾಣುತ್ತದೆ.

ಕ್ಯಾಮೆರಾದ ತೊಂದರೆ ಇದರ ಜೊತೆಗೆ. ಸೆಂಟರ್ ಫೀಲ್ಡ್ ಕ್ಯಾಮೆರಾ ಪ್ಲೇಟ್‌ನಿಂದ ಸುಮಾರು 400 ಅಡಿಗೂ ಆಚೆ, ಎತ್ತರದಲ್ಲಿ ಇರುತ್ತದೆ. ಪಿಚರ್ ಬೆನ್ನು ಅಡ್ಡ ಬಾರದಿರಲೆಂದು ಬಹಳಷ್ಟು ಮೈದಾನಗಳಲ್ಲಿ ಅದನ್ನು ನೇರ ಗೆರೆಯಿಂದ ಪಕ್ಕಕ್ಕೆ ಸರಿಸಿ ಇಡುತ್ತಾರೆ. ದೂರದ ಲೆನ್ಸು ಪಿಚರ್‌ಗೂ ಪ್ಲೇಟ್‌ಗೂ ನಡುವಿನ 60 ಅಡಿ 6 ಇಂಚಿನ ಅಂತರವನ್ನು ಹಿಸುಕಿ ಪಿಚರ್, ಬ್ಯಾಟರ್, ಕ್ಯಾಚರ್ ಮೂವರೂ ಒತ್ತಿಕೊಂಡು ನಿಂತಂತೆ ಮಾಡುತ್ತದೆ. ನಮ್ಮ ಕಣ್ಣು ಹಿಡಿಯುವುದು ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದ ಜಾಗವನ್ನು. ಆ ಗ್ಲೌಸ್ ಇರುವುದು ಪ್ಲೇಟ್‌ನ ಹಿಂದೆ. ಮೊಣಕಾಲ ಎತ್ತರದಲ್ಲಿ ಜೋನ್ ಮುಟ್ಟಿಹೋದ ಕರ್ವ್‌ಬಾಲ್ (ಕೆಳಕ್ಕೆ ಬಾಗುವ ಎಸೆತ) ಗ್ಲೌಸ್ ಸೇರುವಷ್ಟರಲ್ಲಿ ನೆಲಕ್ಕೆ ಹತ್ತಿರ ಬಂದಿರುತ್ತದೆ.

2026ರ ಋತುವಿನಿಂದ ಎಸೆತದ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಪದ್ಧತಿಗೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ. ಯಂತ್ರದ ಜೋನ್ ಘನವಲ್ಲ, ಪ್ಲೇಟ್‌ನ ನಟ್ಟನಡುವೆ ನಿಂತ ಒಂದು ಚಪ್ಪಟೆ ಚೌಕಟ್ಟು. ಅದರ ಮೇಲಂಚು ಬ್ಯಾಟರ್ ಎತ್ತರದ ಶೇ. 53.5ರಲ್ಲಿ, ಕೆಳಂಚು ಶೇ. 27ರಲ್ಲಿ. ಆರಡಿ ಆಟಗಾರನಿಗೆ ಮೇಲೆ 38.5 ಇಂಚು, ಕೆಳಗೆ 19.4 ಇಂಚು. ಹಾಗಾದರೆ ನಾವು ಕೇಳುವುದು ಸರಳ: ಪರದೆಯ ಚೌಕ ಅದೇ ಅಳತೆಯದಾಗಿರಲಿ, ಪ್ರತಿ ಬ್ಯಾಟರ್‌ಗೂ ಬದಲಾಗಲಿ, ಚೆಂಡನ್ನು ಅದರ ನಿಜವಾದ ಗಾತ್ರದಲ್ಲಿ ಬಿಡಿಸಿ. ಎಸೆತ ಬರುವಾಗ ಚೌಕ ಬೇಡ, ತೀರ್ಪು ಬಂದ ಮೇಲೆ ಬೇಕಾದರೆ ತೋರಿಸಿ. ಗಂಟೆಗೆ 95 ಮೈಲಿ ವೇಗದ ಎಸೆತ ಪ್ಲೇಟ್ ತಲುಪಲು ಹಿಡಿಯುವುದು ಸುಮಾರು 0.4 ಸೆಕೆಂಡ್. ಅಷ್ಟರಲ್ಲಿ ಚೆಂಡಿನ ತಿರುವು ನೋಡುವುದೋ, ಬಿಳಿ ಗೆರೆ ನೋಡುವುದೋ? ಸೆಕೆಂಡಿಗೆ 60 ಫ್ರೇಮ್ ಸಿಕ್ಕವರಿಗೆ ಆ ತಿರುವು 24 ಚಿತ್ರಗಳಲ್ಲಿ ಬರುತ್ತದೆ. 30 ಫ್ರೇಮ್‌ಗೆ ಇಳಿಸಿದ ಸ್ಟ್ರೀಮ್ ನೋಡುವವರಿಗೆ 12. ಯಾವ ಆ್ಯಪ್‌ಗೆ ಕೊಟ್ಟರೂ 60ಕ್ಕಿಂತ ಕಡಿಮೆ ಮಾಡಕೂಡದೆಂಬ ಷರತ್ತು ಹಾಕಿ.

ಸ್ಟ್ರೀಮಿಂಗ್‌ನ ಇನ್ನೊಂದು ಕಷ್ಟ ತಡ. ದೃಶ್ಯವನ್ನು ಕೆಲವು ಸೆಕೆಂಡ್‌ಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಆ್ಯಪ್ ಅಂಥ ಹಲವು ತುಂಡುಗಳನ್ನು ಕೂಡಿಟ್ಟುಕೊಂಡ ಮೇಲಷ್ಟೇ ಓಡಿಸುತ್ತದೆ. ಹೀಗಾಗಿ ಆ್ಯಂಟೆನಾದಲ್ಲಿ ನೋಡುವವರಿಗಿಂತ ಅರ್ಧ ನಿಮಿಷ ಹಿಂದೆ ಬೀಳುವುದು ಸಾಮಾನ್ಯ. 18 ಸೆಕೆಂಡ್ ಗಡಿಯಾರದ ಆಟದಲ್ಲಿ ಅರ್ಧ ನಿಮಿಷವೆಂದರೆ ಒಂದೋ ಎರಡೋ ಎಸೆತ. ಹೋಮ್ ರನ್ ಸುದ್ದಿ ಫೋನಿಗೆ ಮೊದಲು ಬರುತ್ತದೆ, ಪರದೆಗೆ ಆಮೇಲೆ. ತುಂಡುಗಳನ್ನು ಚಿಕ್ಕದು ಮಾಡುವ ತಂತ್ರ ಇದೆ. ಅದಾಗುವವರೆಗೆ, ಪಂದ್ಯ ನೋಡುತ್ತಿರುವವರಿಗೆ ಸ್ಕೋರ್ ಸೂಚನೆ ತಡೆಹಿಡಿಯುವ ಗುಂಡಿಯನ್ನಾದರೂ ಲೀಗ್ ತನ್ನ ಆ್ಯಪ್‌ನಲ್ಲಿ ಎದುರಿಗೇ ಇಡಲಿ.

ಜಾಹೀರಾತಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ದುಡ್ಡು ಎಲ್ಲಿಂದ ಬರುತ್ತದೆಂದು ನಮಗೂ ಗೊತ್ತು. ಪೂರ್ತಿ ಒಂಬತ್ತು ಇನಿಂಗ್ಸ್ ಆದರೆ ಅರ್ಧ ಇನಿಂಗ್ಸ್‌ಗಳ ನಡುವೆ 17 ವಿರಾಮಗಳು. ಪ್ರತಿ ವಿರಾಮ ಒಂದು ನಿಮಿಷ ಹಿಗ್ಗಿದರೆ ಪಂದ್ಯ 17 ನಿಮಿಷ ಹಿಗ್ಗುತ್ತದೆ. ಪಿಚ್ ಗಡಿಯಾರದಿಂದ ಸಾಮಾನ್ಯ ಋತುವಿನ ಪಂದ್ಯ ಸುಮಾರು 25 ನಿಮಿಷ ಚಿಕ್ಕದಾಯಿತು. ಆಟಗಾರರು ಉಳಿಸಿಕೊಟ್ಟ ಆ ಹೊತ್ತನ್ನು ಅಕ್ಟೋಬರ್‌ನಲ್ಲಿ ಜಾಹೀರಾತಿಗೆ ಹಿಂತಿರುಗಿಸುವುದು ನ್ಯಾಯವಲ್ಲ. ಅದಕ್ಕಿಂತ ಮುಖ್ಯವಾದದ್ದು, ಜಾಹೀರಾತಿನಿಂದ ಮರಳುವ ಹೊತ್ತು. ಓವರಿನ ಮೊದಲ ಎಸೆತ ಜಾಹೀರಾತಿನ ಬಾಯಿಗೆ ಹೋಗುವ ಸಂಕಟವನ್ನು ಕ್ರಿಕೆಟ್ ನೋಡುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಎಸೆತಕ್ಕೆ ಹತ್ತು ಸೆಕೆಂಡ್ ಮುಂಚೆ ಮೈದಾನಕ್ಕೆ ಬನ್ನಿ. ಯಾರು ಬದಲಾದರು, ಯಾರು ಎಲ್ಲಿ ನಿಂತರು, ಬದಲಿ ಪಿಚರ್‌ಗಳು ಸಿದ್ಧರಾಗುವ ಬುಲ್‌ಪೆನ್‌ನಲ್ಲಿ ಯಾರು ತೋಳು ಬಿಸಿ ಮಾಡಿಕೊಳ್ಳುತ್ತಿದ್ದಾರೆ ಎಂಬ ಮೂರು ಸಂಗತಿ ಅಷ್ಟರಲ್ಲಿ ಮುಗಿಯುತ್ತವೆ. ಬುಲ್‌ಪೆನ್ ವಿಚಾರ ಅಲಂಕಾರಕ್ಕಲ್ಲ: 2020ರಿಂದ ಹೊಸ ಪಿಚರ್ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಹಾಗಾಗಿ ಮ್ಯಾನೇಜರ್ ಯಾರನ್ನು ಎಬ್ಬಿಸಿದರು ಎಂಬುದರಿಂದ ಮುಂದಿನ ಮೂವರ ಲೆಕ್ಕ ಹೊರಬೀಳುತ್ತದೆ.

ಪಂದ್ಯದ ನಡುವೆ ಮ್ಯಾನೇಜರ್ ಸಂದರ್ಶನ ಬೇಡ. ಅವರು ಗುಟ್ಟು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂಬಾರದು. ಅಷ್ಟು ಹೊತ್ತು ಆಟ ಅರ್ಧ ಪರದೆಗೆ ಕುಗ್ಗುತ್ತದೆ, ವಿವರಣೆ ನಿಂತುಹೋಗುತ್ತದೆ.

ಆರಂಭದ ಹೊತ್ತಿನ ಮಾತು. ವರ್ಲ್ಡ್ ಸೀರೀಸ್ ಟಿ.ವಿ.ಯಲ್ಲಿ ಮೊದಲು ಬಂದದ್ದು 1947ರಲ್ಲಿ, ಮೊದಲ ರಾತ್ರಿ ಪಂದ್ಯ ನಡೆದದ್ದು 1971ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ. 1987ರ ಆರನೇ ಪಂದ್ಯದ ನಂತರ ಒಂದೂ ಮಧ್ಯಾಹ್ನ ಶುರುವಾಗಿಲ್ಲ. ಈಗ ಪೂರ್ವ ಕರಾವಳಿಯ ರಾತ್ರಿ ಎಂಟರ ಸುಮಾರಿಗೆ ಆರಂಭ. ಪೋಸ್ಟ್‌ಸೀಸನ್‌ನಲ್ಲಿ (ಸಾಮಾನ್ಯ ಋತು ಮುಗಿದ ಮೇಲಿನ ನಾಕ್‌ಔಟ್ ಹಂತದಲ್ಲಿ) ಹೆಚ್ಚುವರಿ ಇನಿಂಗ್ಸ್‌ಗೆ ಸೆಕೆಂಡ್ ಬೇಸ್‌ನಲ್ಲಿ ರನ್ನರ್ ಇಟ್ಟು ಶುರುಮಾಡುವ ನಿಯಮವಿಲ್ಲ, ಇರಲೂಬಾರದು. 2018ರ ಮೂರನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ 18 ಇನಿಂಗ್ಸ್, 7 ಗಂಟೆ 20 ನಿಮಿಷ ನಡೆದು, ಬಾಸ್ಟನ್ನಿನ ಗಡಿಯಾರದಲ್ಲಿ ಬೆಳಗಿನ ಜಾವ ಮೂರೂವರೆಗೆ ಮುಗಿಯಿತು. 2025ರ ಮೂರನೆಯದೂ 18 ಇನಿಂಗ್ಸ್, 6 ಗಂಟೆ 39 ನಿಮಿಷ. ನ್ಯೂಜೆರ್ಸಿಯ ಕನ್ನಡ ಮನೆಯೊಂದರಲ್ಲಿ ಶಾಲೆಗೆ ಹೋಗುವ ಮಗು ಆರನೇ ಇನಿಂಗ್ಸ್‌ಗೇ ಮಲಗಿರುತ್ತದೆ. ಬೆಂಗಳೂರಲ್ಲಿ ಅದೇ ಪಂದ್ಯ ಬೆಳಿಗ್ಗೆ ಐದೂವರೆಗೆ ಶುರುವಾಗಿ ಆಫೀಸಿಗೆ ಹೊರಡುವ ಹೊತ್ತಿಗೆ ನಿರ್ಣಾಯಕ ಘಟ್ಟ ಮುಟ್ಟುತ್ತದೆ. ಬೆಂಗಳೂರಿಗೆಂದು ಸಮಯ ಬದಲಿಸಿ ಎನ್ನುವುದಿಲ್ಲ. ಅಮೆರಿಕದ ಮಕ್ಕಳಿಗಾಗಿ ಶನಿವಾರದ ಪಂದ್ಯ ಒಂದನ್ನು ಮಧ್ಯಾಹ್ನಕ್ಕೆ ತನ್ನಿ. ನಮ್ಮ ಊರಿನವರಿಗೆ ಅದು ರಾತ್ರಿಯೂಟದ ನಂತರ ಕೂತು ನೋಡುವ ಹೊತ್ತಾಗುತ್ತದೆ, ಅದೂ ಒಳ್ಳೆಯದೇ.

ಕೊನೆಯದಾಗಿ, ಎರಡನೇ ದಾರಿ. 2015ರ ಮೊದಲ ಪಂದ್ಯದ ನಡುವೆ ಕನ್ಸಾಸ್ ಸಿಟಿಯಲ್ಲಿ ಪ್ರಸಾರ ವಾಹನಗಳಿಗೆ ವಿದ್ಯುತ್ ಹೋಗಿ ಚಿತ್ರ ನಿಂತಾಗ, ವಿದೇಶಗಳಿಗೆಂದು ಸಿದ್ಧವಾಗುತ್ತಿದ್ದ ಮತ್ತೊಂದು ಪ್ರಸಾರವನ್ನು ಅಮೆರಿಕದ ನೋಡುಗರಿಗೂ ಕೊಟ್ಟರು. ಒಂದೇ ಪಂದ್ಯಕ್ಕೆ ಎರಡು ಪ್ರಸಾರ ಇರಬಲ್ಲವು ಎಂದು ಅಂದೇ ತಿಳಿಯಿತು. ಹಾಗಿದ್ದ ಮೇಲೆ ಮೇಲಿನ ಕ್ಯಾಮೆರಾದ ದೃಶ್ಯವನ್ನು ಕತ್ತರಿಸದೆ, ಮಾತಿಲ್ಲದೆ, ಮೈದಾನದ ಸದ್ದಿನ ಜೊತೆ ಬೇರೊಂದು ಸ್ಟ್ರೀಮ್ ಆಗಿ ಕೊಡುವುದು ಕಷ್ಟವಲ್ಲ. ಮೂಲೆಯಲ್ಲಿ ಸ್ಕೋರ್, ಗಡಿಯಾರ, ಪಿಚರ್-ಬ್ಯಾಟರ್ ಕಾಣುವ ಚಿಕ್ಕ ಕಿಟಕಿ ಇದ್ದರೆ ಸಾಕು. ಜಾಹೀರಾತು ವಿರಾಮದಲ್ಲಿ ಅದೇ ಜಾಹೀರಾತು ಅಲ್ಲೂ ಬರಲಿ, ಆದಾಯಕ್ಕೆ ಕುಂದಿಲ್ಲ.

2000ದಿಂದ ವರ್ಲ್ಡ್ ಸೀರೀಸ್ ಫಾಕ್ಸ್ ವಾಹಿನಿಯಲ್ಲಿದೆ, ಈಗಿನ ಒಪ್ಪಂದ 2028ರವರೆಗೆ. ಮುಂದಿನ ಒಪ್ಪಂದದ ಮಾತುಕತೆ ಯಾರ ಜೊತೆಯೇ ನಡೆಯಲಿ, ಆಯುಕ್ತರು ಅದರಲ್ಲಿ ಇಷ್ಟನ್ನು ಬರೆಸಬೇಕು: ರನ್ನರ್ ಇದ್ದಾಗ ಎಸೆತಕ್ಕೆ ಮುಂಚೆ ಪೂರ್ಣ ಮೈದಾನದ ನೋಟ, ಅಧಿಕೃತ ಅಳತೆಯ ಜೋನ್, 60 ಫ್ರೇಮ್, ಮೈದಾನದ ಪ್ರತ್ಯೇಕ ಸ್ಟ್ರೀಮ್. ಮೊದಲನೆಯದಕ್ಕೆ ಒಪ್ಪಂದವೂ ಬೇಕಿಲ್ಲ. ಮುಂದಿನ ಮಾರ್ಚ್‌ನ ಅಭ್ಯಾಸ ಪಂದ್ಯವೊಂದರಲ್ಲಿ ನಿರ್ದೇಶಕರು ಮೂರು ಇನಿಂಗ್ಸ್ ಹೀಗೆ ಮಾಡಿ ನೋಡಲಿ, ಆ ರೆಕಾರ್ಡಿಂಗನ್ನು ನೋಡುಗರ ಮುಂದಿಟ್ಟು ಕೇಳಲಿ.

ಇಂತಿ ನಮಸ್ಕಾರಗಳೊಂದಿಗೆ,
ಬೇಸ್‌ಬಾಲ್ ನೋಡುವ ಕನ್ನಡಿಗರು